ಸ್ಪೇಸ್‌ಸೂಟ್ ಒಳಗೆ ಬರೀ 4.3 ಪಿಎಸ್‌ಐ ಯಾಕೆ? ನಿಲ್ದಾಣದ ಗಾಳಿಯನ್ನೇ ತುಂಬಿಸಿದರೆ ಏನು ಕಷ್ಟ?

ಅರಸೀಕೆರೆ_ಅಪ್ಪ
2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗಿನಿಂದ ನನ್ನ ಮಗಳಿಗೆ ಇದೇ ಹುಚ್ಚು. ಎಂಟನೇ ಕ್ಲಾಸು. ನಿನ್ನೆ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿದಳು, ನಾನು ತಟ್ಟೆ ನೋಡಿಕೊಂಡು ಸುಮ್ಮನಾದೆ.

ನಿಲ್ದಾಣದ ಒಳಗೆ 14.7 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಅಳತೆ) ಒತ್ತಡ, ಅಂದರೆ ಸಮುದ್ರಮಟ್ಟದ ಗಾಳಿ ಇದ್ದ ಹಾಗೇ ಇದೆ. ಹೊರಗೆ ಹೋಗುವ ಅಮೆರಿಕದ ಸೂಟ್‌ನಲ್ಲಿ ಮಾತ್ರ 4.3, ಅದೂ ಶುದ್ಧ ಆಕ್ಸಿಜನ್. ಈ ವ್ಯತ್ಯಾಸದಿಂದಾಗಿ ಹೊರಗೆ ಕಾಲಿಡುವ ಮುಂಚೆ ಗಂಟೆಗಟ್ಟಲೆ ಆಕ್ಸಿಜನ್ ಉಸಿರಾಡಿಕೊಂಡು ಕಾಯಬೇಕು. "ಸೂಟ್‌ಗೂ 14.7 ತುಂಬಿಸಿದರೆ ಆಯ್ತಲ್ಲ ಅಪ್ಪ?" ಅಂದಳು. ನನಗೂ ಹೌದಲ್ಲ ಅನ್ನಿಸಿತು. ನನ್ನ ಬೈಕ್ ಟೈರಿಗೇ 28 ಹಾಕಿಸ್ತೀನಿ. ಕೋಟಿಗಟ್ಟಲೆ ಬೆಲೆಯ ಸೂಟು 14 ತಡೆಯಲ್ವಾ? ಗೊತ್ತಿರುವವರು ಹೇಳಿ.

ಸುಮ್ನೆ_ಓದೋಳು
4.3 ಪಿಎಸ್‌ಐ ಅಂದರೆ ನಾಲ್ಕು ಸಬ್ ಇನ್ಸ್‌ಪೆಕ್ಟರ್, ಒಬ್ಬ ಕಾನ್ಸ್‌ಟೇಬಲ್ಲಾ?

ಪಂಕ್ಚರ್_ಪಾಪಣ್ಣ
ಮೇಲಿನವರಿಗೆ ಸಲಾಂ.

ಅಪ್ಪಾಜಿ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. 28 ಹಾಕಿದ ಟೈರನ್ನು ಕೈಯಲ್ಲಿ ಬಗ್ಗಿಸಿ ನೋಡಿದ್ದೀರಾ? ತಡೆಯುತ್ತದಾ ಅನ್ನೋದು ಸಮಸ್ಯೆ ಅಲ್ಲ. ಬಗ್ಗುತ್ತದಾ ಅನ್ನೋದು ಸಮಸ್ಯೆ. ಗಾಳಿ ತುಂಬಿದ ಟ್ಯೂಬು ತನಗೆ ಬೇಕಾದ ಆಕಾರಕ್ಕೆ ಹೋಗಿ ನಿಂತುಬಿಡುತ್ತದೆ. ನೀವು ಮೊಣಕೈ ಮಡಿಸಿದರೆ ಅಲ್ಲಿ ಬಟ್ಟೆ ಸುಕ್ಕಾಗಿ ಒಳಗಿನ ಜಾಗ ಕಡಿಮೆ ಆಗುತ್ತದೆ. ಅಂದರೆ ಪ್ರತಿ ಸಲ ಕೈ ಮಡಿಸುವಾಗಲೂ ಗಾಳಿಯನ್ನು ಒತ್ತುತ್ತಾ ಇರುತ್ತೀರಿ. ಪಂಪ್ ಹೊಡೆಯೋದಕ್ಕೂ ಅದಕ್ಕೂ ವ್ಯತ್ಯಾಸ ಇಲ್ಲ. ಆರೂವರೆ ಗಂಟೆ ಪಂಪ್ ಹೊಡೀತೀರಾ?

ಲೆಕ್ಕದ_ಮೇಷ್ಟ್ರು
ಪಾಪಣ್ಣನವರ ಮಾತಿಗೆ ಒಂದು ಅಂಕಿ ಸೇರಿಸ್ತೀನಿ. ಅಂಗೈ ಸುಮಾರು 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ ಅಂದುಕೊಳ್ಳಿ. ಹೊರಗೆ ನಿರ್ವಾತ. 4.3 ಪಿಎಸ್‌ಐ ಇದ್ದರೆ ಗ್ಲೌಸಿನ ಆ ಭಾಗವನ್ನು ಒಳಗಿಂದ ಸುಮಾರು 30 ಕೆ.ಜಿ. ತೂಕದಷ್ಟು ಬಲ ಹೊರಕ್ಕೆ ತಳ್ಳುತ್ತಿರುತ್ತದೆ. 14.7 ಮಾಡಿದರೆ 100 ಕೆ.ಜಿ. ದಾಟುತ್ತದೆ. ಅದನ್ನು ಮುಷ್ಟಿ ಕಟ್ಟಿ ಸ್ಪ್ಯಾನರ್ ಹಿಡಿಯಿರಿ ನೋಡೋಣ.

4.3ರಲ್ಲೇ ಗ್ಲೌಸ್ ಒಳಗೆ ಉಗುರು ಕಿತ್ತುಬಂದ ಗಗನಯಾತ್ರಿಗಳಿದ್ದಾರೆ. ಹೆಚ್ಚಿನ ಗಾಯಗಳು ಕೈಗೇ ಆಗುವುದು.

ಹುಬ್ಳಿ_ಹುಡ್ಗಿ
ಹಾಗಾದರೆ 4.3 ಯಾಕೆ, 1 ಇಟ್ಟರೆ ಇನ್ನೂ ಆರಾಮಲ್ಲ?

ಲೆಕ್ಕದ_ಮೇಷ್ಟ್ರು
ಉಸಿರು ನಿಲ್ಲುತ್ತದೆ. ಶೇಕಡಾ ಎಷ್ಟು ಅನ್ನೋದು ದೇಹಕ್ಕೆ ಮುಖ್ಯ ಅಲ್ಲ. ಆಕ್ಸಿಜನ್ ಒಂದೇ ಎಷ್ಟು ಒತ್ತಡ ಹಾಕುತ್ತಿದೆ ಅನ್ನೋದು ಮುಖ್ಯ. ಸಮುದ್ರಮಟ್ಟದಲ್ಲಿ 14.7ರಲ್ಲಿ 21 ಶೇಕಡಾ, ಅಂದರೆ ಆಕ್ಸಿಜನ್ ಪಾಲು 3.1 ಪಿಎಸ್‌ಐ. ಉಳಿದದ್ದು ಹೆಚ್ಚುಕಮ್ಮಿ ನೈಟ್ರೋಜನ್, ಅದು ಸುಮ್ಮನೆ ಕೂತ ನೆಂಟ. ನೆಂಟರನ್ನು ಕಳಿಸಿದರೆ ಕಡಿಮೆ ಒತ್ತಡದಲ್ಲೂ ಸಂಸಾರ ನಡೆಯುತ್ತದೆ.

ಆದರೆ 3.1ಕ್ಕೇ ನಿಲ್ಲಿಸೋ ಹಾಗಿಲ್ಲ. ಶ್ವಾಸಕೋಶದ ಒಳಗೆ ಯಾವಾಗಲೂ ನೀರಿನ ಆವಿ ಇರುತ್ತದೆ. ಹೊರಗಿನ ಒತ್ತಡ ಎಷ್ಟೇ ಇರಲಿ, ಬಿಪಿ ಅಳೆಯುವ ಅಳತೆಯಲ್ಲಿ ಹೇಳಿದರೆ, ಅದು 47 ಮಿ.ಮೀ. ಪಾದರಸದಷ್ಟು ಜಾಗ ಹಿಡಿದೇ ಹಿಡಿಯುತ್ತದೆ. ಕಾರ್ಬನ್ ಡೈಆಕ್ಸೈಡ್ ಇನ್ನೊಂದು 40. ಚಂದ್ರನ ಮೇಲೆ ನಡೆದವರ ಅಪೋಲೋ ಸೂಟಿನ 3.7 ಪಿಎಸ್‌ಐ ಅಂದರೆ 191 ಮಿ.ಮೀ. ಅದರಲ್ಲಿ 87 ಕಳೆಯಿರಿ, 104 ಉಳಿಯಿತು. ಸಮುದ್ರಮಟ್ಟದಲ್ಲಿ ನಮ್ಮ ಶ್ವಾಸಕೋಶದ ತಳದಲ್ಲಿ ಇರುವುದೂ ನೂರರ ಆಸುಪಾಸೇ. 3.7 ಅನ್ನುವುದು ಗಾಳಿಯಲ್ಲಿ ತೂರಿ ಹಿಡಿದ ಸಂಖ್ಯೆ ಅಲ್ಲ.

ಏರ್‌ಮನ್_ನಿವೃತ್ತ
ಒಂದು ಹೋಲಿಕೆ. ಎವರೆಸ್ಟ್ ತುದಿಯಲ್ಲಿ ಗಾಳಿಯ ಒತ್ತಡ ಸುಮಾರು 4.9 ಪಿಎಸ್‌ಐ. ಅಂದರೆ ಬಾಹ್ಯಾಕಾಶ ನಡಿಗೆ ಮಾಡುವವರು ಎವರೆಸ್ಟ್‌ಗಿಂತ ತೆಳು ಒತ್ತಡದಲ್ಲಿ ಕೆಲಸ ಮಾಡುತ್ತಾರೆ. ಪೂರ್ತಿ ಆಕ್ಸಿಜನ್ ಆದ್ದರಿಂದ ಅವರಿಗೆ ಗೊತ್ತಾಗುವುದಿಲ್ಲ.

ನಾನು ವಾಯುಪಡೆಯಲ್ಲಿದ್ದಾಗ ಒತ್ತಡ ಇಳಿಸುವ ಚೇಂಬರ್‌ನಲ್ಲಿ ಕೂತಿದ್ದೇನೆ. 25,000 ಅಡಿ ಎತ್ತರದ ಮಟ್ಟಕ್ಕೆ ಇಳಿಸಿ ಮಾಸ್ಕ್ ತೆಗೆಯಿರಿ ಅನ್ನುತ್ತಾರೆ. ಕೈಗೆ ಒಂದು ಹಾಳೆ. 100ರಿಂದ 7 ಕಳೆಯುತ್ತಾ ಬರೆಯಬೇಕು. 93, 86, 79... ನನಗೆ ಎಲ್ಲ ಸರಿಯಾಗಿ ಬರೆದೆ ಅಂತಲೇ ಖುಷಿ. ಮಾಸ್ಕ್ ಹಾಕಿಕೊಂಡ ಮೇಲೆ ಹಾಳೆ ನೋಡಿದರೆ 72 ಆದ ಮೇಲೆ 72, 72, 72. ಕೆಳಗೆ ಕೋಳಿ ಕೆರೆದ ಹಾಗೆ ಒಂದು ಗೆರೆ. ಉಸಿರು ಕಟ್ಟಿದ ಹಾಗೆ ಏನೂ ಆಗಲ್ಲ ಸ್ವಾಮಿ. ಚೆನ್ನಾಗಿದ್ದೀನಿ ಅನ್ನಿಸುತ್ತದೆ. ಅದೇ ಭಯ.

ಇನ್ನೊಂದು ವಿಷಯ. ಚೇಂಬರ್‌ಗೆ ಹೋಗುವ ಹಿಂದಿನ ದಿನ ಕಾಳು ಗೀಳು ತಿನ್ನಬೇಡಿ ಅಂತ ಹೇಳಿದ್ದರು. ಒತ್ತಡ ಇಳಿದರೆ ಹೊಟ್ಟೆಯ ಗ್ಯಾಸ್ ಹಿಗ್ಗುತ್ತದೆ. ನಮ್ಮ ಬ್ಯಾಚಿನ ಒಬ್ಬ ಮಹಾಶಯ ಹಿತಕವರೆ ಸಾರು ಉಂಡು ಬಂದಿದ್ದ. ಮುಚ್ಚಿದ ಕೋಣೆ. ಮುಂದಿನದು ನೀವೇ ಊಹಿಸಿ.

ಸುಮ್ನೆ_ಓದೋಳು
14.7ರಿಂದ 4.3ಕ್ಕೆ ಅಂದರೆ ಮೂರೂವರೆ ಪಟ್ಟು ಹಿಗ್ಗುತ್ತದೆ. ಅವರೆಕಾಯಿ ಸೀಸನ್‌ನಲ್ಲಿ ಬಾಹ್ಯಾಕಾಶ ನಡಿಗೆ ರದ್ದು.

ನೇತ್ರಾಣಿ_ಮೀನು
ಮೊದಲೇ ಆಕ್ಸಿಜನ್ ಯಾಕೆ ಉಸಿರಾಡಬೇಕು ಅನ್ನೋದನ್ನು ಯಾರೂ ಹೇಳಿಲ್ಲ. ಮುರ್ಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದವರಿಗೆ ಇದು ಗೊತ್ತಿರುತ್ತದೆ. ಮೇಲೆ ಬರುವಾಗ ನಿಧಾನ ಬನ್ನಿ, ಒಂದು ದಿನ ವಿಮಾನ ಹತ್ತಬೇಡಿ ಅಂತ ನಮಗೆ ಮತ್ತೆ ಮತ್ತೆ ಹೇಳಿದ್ದರು. ಒತ್ತಡದಲ್ಲಿ ಇರುವಾಗ ನೈಟ್ರೋಜನ್ ರಕ್ತ, ಕೊಬ್ಬಿನಲ್ಲಿ ಕರಗಿರುತ್ತದೆ. ಒತ್ತಡ ದಿಢೀರ್ ಇಳಿದರೆ ಸೋಡಾ ಬಾಟ್ಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳುತ್ತದೆ. ಕೀಲುನೋವು ಬರುತ್ತದೆ, ಜಾಸ್ತಿ ಆದರೆ ಲಕ್ವ, ಸಾವು.

ನಿಲ್ದಾಣದಿಂದ ಸೂಟಿಗೆ ಹೋಗುವುದೂ ಮುಳುಗಿದವನು ಮೇಲೆ ಬಂದ ಹಾಗೇ. ಅದಕ್ಕೇ ಮುಂಚೆ ಶುದ್ಧ ಆಕ್ಸಿಜನ್ ಉಸಿರಾಡಿ ಮೈಯಲ್ಲಿರುವ ನೈಟ್ರೋಜನ್ ಹೊರಹಾಕಬೇಕು.

ಲೆಕ್ಕದ_ಮೇಷ್ಟ್ರು
ಸರಿಯಾಗಿ ಹೇಳಿದಿರಿ. ಇದಕ್ಕೂ ಒಂದು ಲೆಕ್ಕ ಇದೆ. ಮೈಯಲ್ಲಿ ಕೂತ ನೈಟ್ರೋಜನ್ ಒತ್ತಡವನ್ನು ಸೂಟಿನ ಒತ್ತಡದಿಂದ ಭಾಗಿಸಿ. ಸಮುದ್ರಮಟ್ಟದ ಗಾಳಿಯಲ್ಲಿ ನೈಟ್ರೋಜನ್ 11.6. ಅದನ್ನು 4.3ರಿಂದ ಭಾಗಿಸಿದರೆ 2.7. ಅಮೆರಿಕದ ಷಟಲ್ ನೌಕೆಗಳ ಕಾಲದಲ್ಲಿ ಇದು 1.65ಕ್ಕೆ ಇಳಿಯಬೇಕು ಅಂತ ನಿಯಮ ಇತ್ತು. ನೇರವಾಗಿ ಹೋಗಬೇಕಾದರೆ ನಾಲ್ಕು ಗಂಟೆ ಆಕ್ಸಿಜನ್ ಉಸಿರಾಡಬೇಕಿತ್ತು. ಅದರ ಬದಲು ಇಡೀ ಷಟಲ್ ಕ್ಯಾಬಿನ್ನಿನ ಒತ್ತಡವನ್ನೇ ಹಿಂದಿನ ದಿನ 10.2ಕ್ಕೆ ಇಳಿಸಿ, ಆಕ್ಸಿಜನ್ 26.5 ಶೇಕಡಾಕ್ಕೆ ಏರಿಸುತ್ತಿದ್ದರು. ಆಗ ಮರುದಿನ ಮುಕ್ಕಾಲು ಗಂಟೆ, ಒಂದು ಗಂಟೆ ಉಸಿರಾಡಿದರೆ ಸಾಕಾಗುತ್ತಿತ್ತು.

ನಿಲ್ದಾಣದಲ್ಲಿ ಇಡೀ ಮನೆಯ ಒತ್ತಡ ಇಳಿಸೋಕೆ ಆಗಲ್ಲ. ಅದಕ್ಕೆ ನಡಿಗೆಗೆ ಹೋಗುವ ಇಬ್ಬರು ಹಿಂದಿನ ರಾತ್ರಿ, ಒಳಗೂ ಹೊರಗೂ ನಡುವೆ ಇರುವ ಎರಡು ಬಾಗಿಲಿನ ಕೋಣೆ, ಕ್ವೆಸ್ಟ್ ಅನ್ನುವ ಏರ್‌ಲಾಕ್‌ನಲ್ಲೇ 10.2ರಲ್ಲಿ ಮಲಗುವ ಪದ್ಧತಿ ಒಂದಿತ್ತು. ಆಮೇಲೆ ಸೂಟ್ ಹಾಕಿಕೊಂಡು ಕೈಕಾಲು ನಿಧಾನಕ್ಕೆ ಆಡಿಸುತ್ತಾ ನೈಟ್ರೋಜನ್ ಕಳೆಯುವ ವಿಧಾನ ಬಂತು.

ಕಲ್ಲೇಶಿ_ಕ್ಯಾಲಿಫೋರ್ನಿಯಾ
ರಷ್ಯಾದವರು ಇದನ್ನು ಚೆನ್ನಾಗಿ ಮಾಡಿದ್ದಾರೆ. ಅವರ ಒರ್ಲಾನ್ ಸೂಟ್ 5.8 ಪಿಎಸ್‌ಐ. ಅರ್ಧ ಗಂಟೆ ಆಕ್ಸಿಜನ್ ಸಾಕು. ಸೂಟೂ ಬೀರು ಇದ್ದ ಹಾಗೆ ಬೆನ್ನ ಹಿಂದೆ ಬಾಗಿಲು ತೆಗೆದು ಒಳಗೆ ನುಗ್ಗೋದು. ಅಮೆರಿಕದವರು ಸುಮ್ಮನೆ ಜಟಿಲ ಮಾಡಿಕೊಂಡರು.

ಲೆಕ್ಕದ_ಮೇಷ್ಟ್ರು
ಕಲ್ಲೇಶಿ, ಅದು ಪುಕ್ಕಟೆ ಬಂದಿದ್ದಲ್ಲ. 5.8ರಲ್ಲಿ ಕೈ ಬೇಗ ಸೋಲುತ್ತದೆ. ಇತ್ತ ಕಾಯುವುದು ಕಡಿಮೆ, ಅತ್ತ ಬೆರಳು ನೋವು. ಯಾವುದಾದರೂ ಒಂದು ಕೊಡಲೇಬೇಕು.

ಕಲ್ಲೇಶಿ_ಕ್ಯಾಲಿಫೋರ್ನಿಯಾ
ಮೇಷ್ಟ್ರೇ, ನಾನು ಪುಕ್ಕಟೆ ಅಂದೆನಾ? ಚೆನ್ನಾಗಿ ಮಾಡಿದ್ದಾರೆ ಅಂದೆ.

ಏರ್‌ಮನ್_ನಿವೃತ್ತ
ಬೆರಳು ಬಿಡಿ, ಸೋವಿಯತ್ ಗಗನಯಾತ್ರಿ ಲಿಯೊನೊವ್ ಕಥೆ ನೆನಪಿಸಿಕೊಳ್ಳಿ. 1965ರ ಮಾರ್ಚ್ 18. ಮೊದಲ ಬಾಹ್ಯಾಕಾಶ ನಡಿಗೆ, ಸುಮಾರು 12 ನಿಮಿಷ. ಸೂಟ್ 0.4 ವಾಯುಮಂಡಲದಲ್ಲಿ (ಸಮುದ್ರಮಟ್ಟದ ಒತ್ತಡದ ಹತ್ತರಲ್ಲಿ ನಾಲ್ಕು ಪಾಲು) ಇತ್ತು, ಅದೇ ಇವತ್ತಿನ ಒರ್ಲಾನ್ ಮಟ್ಟ. ಹೊರಗೆ ಬಂದ ಮೇಲೆ ಸೂಟ್ ಉಬ್ಬಿ, ಬೆರಳು ಗ್ಲೌಸಿನ ತುದಿಯಿಂದ, ಕಾಲು ಬೂಟಿನಿಂದ ಹಿಂದೆ ಸರಿದಿವೆ. ವಾಪಸ್ ಏರ್‌ಲಾಕ್ ಒಳಗೆ ನುಗ್ಗಲು ಆಗುತ್ತಿಲ್ಲ. ಕೊನೆಗೆ ವಾಲ್ವ್ ತಿರುಗಿಸಿ ಒತ್ತಡವನ್ನು ಸುಮಾರು 0.27ಕ್ಕೆ ಇಳಿಸಿಕೊಂಡು ಹೇಗೋ ಒಳಗೆ ಬಂದ. ಗುಳ್ಳೆ ಏಳುವ ಅಪಾಯ ಗೊತ್ತಿದ್ದೂ ಮಾಡಿದ. ಬೇರೆ ದಾರಿ ಇರಲಿಲ್ಲ.

ಹುಬ್ಳಿ_ಹುಡ್ಗಿ
ಓದೂವಾಗ ನನಗ ಉಸಿರು ಕಟ್ಟಿತು.

ಆದರ ಒಂದು ಡೌಟು. ಇಷ್ಟೆಲ್ಲ ಕಷ್ಟ ಪಡೋ ಬದಲಿ ನಿಲ್ದಾಣದೊಳಗೂ 5 ಪಿಎಸ್‌ಐ ಶುದ್ಧ ಆಕ್ಸಿಜನ್ ಇಟ್ಟರ ಆತಲ್ಲ? ನೈಟ್ರೋಜನ್ನೇ ಇಲ್ಲ ಅಂದರ ಗುಳ್ಳೆನೂ ಇಲ್ಲ.

ಕಲ್ಲೇಶಿ_ಕ್ಯಾಲಿಫೋರ್ನಿಯಾ
ಅದನ್ನೇ ಮಾಡಿದ್ದು ಅಮೆರಿಕದವರು. ಮರ್ಕ್ಯುರಿ, ಜೆಮಿನಿ, ಅಪೋಲೋ ನೌಕೆಗಳು ಎಲ್ಲದರಲ್ಲೂ ಸುಮಾರು 5 ಪಿಎಸ್‌ಐ ಶುದ್ಧ ಆಕ್ಸಿಜನ್. ಒಂದೇ ಅನಿಲದ ಸಿಲಿಂಡರ್ ಸಾಕು, ಗೋಡೆ ತೆಳು ಮಾಡಬಹುದು, ತೂಕ ಉಳಿತಾಯ. ಚಂದ್ರನ ಮೇಲೆ ಇಳಿದ ನೌಕೆಯ ಗೋಡೆ ಕೆಲವು ಕಡೆ ಬರೀ 0.3 ಮಿ.ಮೀ. ಇತ್ತು. ಅಪೋಲೋ 1ರಲ್ಲಿ ಬೆಂಕಿ ಬಿದ್ದು ಮೂವರು ಸತ್ತ ಮೇಲೆ ಶುದ್ಧ ಆಕ್ಸಿಜನ್ ಬಿಟ್ಟರು.

ಲೆಕ್ಕದ_ಮೇಷ್ಟ್ರು
ತಪ್ಪು. ಬಿಡಲಿಲ್ಲ. ಎಲ್ಲರೂ ಹೀಗೇ ಅಂದುಕೊಂಡಿದ್ದಾರೆ.

1967ರ ಜನವರಿ 27ರಂದು ಗ್ರಿಸಮ್, ವೈಟ್, ಚಾಫಿ ಸತ್ತದ್ದು ನೆಲದ ಮೇಲೆ, ಪರೀಕ್ಷೆಯ ಸಮಯದಲ್ಲಿ. ಅವತ್ತು ಕ್ಯಾಬಿನ್‌ನಲ್ಲಿ 5 ಇರಲಿಲ್ಲ, 16.7 ಪಿಎಸ್‌ಐ ಶುದ್ಧ ಆಕ್ಸಿಜನ್ ಇತ್ತು. ಯಾಕೆ ಅಂದರೆ ನೌಕೆ ಒಳಗಿಂದ ಹೊರಕ್ಕೆ ಬರುವ ಒತ್ತಡ ತಡೆಯಲು ಕಟ್ಟಿದ್ದು. ನೆಲದ ಮೇಲೆ ಒಳಗೆ 5 ಇಟ್ಟರೆ ಹೊರಗಿನ 14.7 ಅದನ್ನು ಡಬ್ಬ ಅಮುಕಿದ ಹಾಗೆ ಅಮುಕುತ್ತದೆ. ಅದಕ್ಕೆ ಹೊರಗಿಗಿಂತ ಸ್ವಲ್ಪ ಜಾಸ್ತಿ ತುಂಬಿಸಿದರು. ಆಕ್ಸಿಜನ್ ಪಾಲು ಮಾಮೂಲಿಗಿಂತ ಐದು ಪಟ್ಟು ಮೇಲೆ. ಒಳಗೆಲ್ಲ ವೆಲ್ಕ್ರೋ, ನೈಲಾನ್.

ಆಮೇಲೆ ಬದಲಾದದ್ದು ನೆಲದ ಮೇಲಿನ ಗಾಳಿ. ಉಡಾವಣೆಗೆ 60 ಶೇಕಡಾ ಆಕ್ಸಿಜನ್, 40 ನೈಟ್ರೋಜನ್. ಮೇಲೆ ಹೋಗುತ್ತಾ ಅದನ್ನು ಹೊರಬಿಟ್ಟು ಮತ್ತೆ 5 ಪಿಎಸ್‌ಐ ಶುದ್ಧ ಆಕ್ಸಿಜನ್. ಚಂದ್ರನ ಮೇಲೆ ಹೋದವರೆಲ್ಲ ಅದನ್ನೇ ಉಸಿರಾಡಿದ್ದು.

ಕಲ್ಲೇಶಿ_ಕ್ಯಾಲಿಫೋರ್ನಿಯಾ
ಸರಿ, ಒಪ್ಪಿದೆ. ಈ ಸಲ ಮಾತ್ರ.

ಅಡುಗೆಮನೆ_ಅನಸೂಯ
ಆ ಬಾಗಿಲಿನ ವಿಷಯ ಬಿಟ್ಟಿರಿ. ಒಳಗಿಂದ ಕೂರುವ ಮುಚ್ಚಳದ ಕುಕ್ಕರ್ ಇರುತ್ತಲ್ಲ, ಓರೆ ಮಾಡಿ ಒಳಗೆ ತೂರಿಸಿ ಮೇಲಕ್ಕೆ ಎಳೆಯುವಂಥದ್ದು? ಅಪೋಲೋ 1ರ ಒಳಬಾಗಿಲು ಅದೇ ಥರ. ಒಳಗಿನ ಒತ್ತಡವೇ ಅದನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಆವಿ ಹೋಗುವ ತನಕ ಕುಕ್ಕರ್ ಮುಚ್ಚಳ ತೆಗೆಯೋಕೆ ಬರುತ್ತಾ? ಬೆಂಕಿ ಹತ್ತಿ ಒತ್ತಡ ಏರಿದ ಮೇಲೆ ಅವರು ಏನೇ ಮಾಡಿದರೂ ಅದು ಒಳಕ್ಕೆ ಬರುತ್ತಿರಲಿಲ್ಲ. ಬೆಂಕಿ ಇಲ್ಲದಿದ್ದರೂ ಅದನ್ನು ತೆಗೆಯೋಕೆ ಒಂದೂವರೆ ನಿಮಿಷ ಬೇಕಿತ್ತಂತೆ. ಆಮೇಲೆ ಹೊರಕ್ಕೆ ತೆರೆಯುವ ಬಾಗಿಲು ಮಾಡಿದರು.

ನಾನು ಇದನ್ನು ಓದಿದ ದಿನ ಕುಕ್ಕರ್ ತೊಳೆಯುವಾಗ ಆ ಮುಚ್ಚಳ ಹಿಡಿದುಕೊಂಡು ಸುಮಾರು ಹೊತ್ತು ನಿಂತಿದ್ದೆ.

ಪೀಣ್ಯ_ಲೇತ್
ಆಕ್ಸಿಜನ್ ಬೆಂಕಿ ಅಂದರೆ ನಮ್ಮಂಥವರನ್ನು ಕೇಳಿ. ಗ್ಯಾಸ್ ವೆಲ್ಡಿಂಗ್ ಕಲಿಯುವಾಗ ಮೊದಲ ಪಾಠ, ಆಕ್ಸಿಜನ್ ಸಿಲಿಂಡರ್ ವಾಲ್ವಿಗೆ ಎಣ್ಣೆ ಕೈ ಮುಟ್ಟಿಸಬೇಡ. ಎರಡನೇ ಪಾಠ, ಅದರಿಂದ ಬಟ್ಟೆಯ ಧೂಳು ಹಾರಿಸಬೇಡ. ನಾನಿದ್ದ ಶೆಡ್‌ನಲ್ಲಿ ಒಬ್ಬ ಹುಡುಗ ಸೆಕೆ ಅಂತ ಅಂಗಿಯೊಳಗೆ ಆಕ್ಸಿಜನ್ ಬಿಟ್ಟುಕೊಂಡ. ಹತ್ತು ನಿಮಿಷ ಆದ ಮೇಲೆ ಗ್ರೈಂಡರಿನ ಒಂದು ಕಿಡಿ. ಕಾಟನ್ ಅಂಗಿ ಕರ್ಪೂರದ ಹಾಗೆ ಹೊತ್ತಿತು. ಪಕ್ಕದಲ್ಲಿ ನೀರಿನ ಡ್ರಮ್ಮು ಇತ್ತು, ಬದುಕಿದ. ಬೆನ್ನ ಮೇಲೆ ಗುರುತು ಈಗಲೂ ಇದೆ.

ಅದಕ್ಕೇ ನೈಟ್ರೋಜನ್ ಬರೀ ನೆಂಟ ಅಂದ ಮೇಷ್ಟ್ರ ಮಾತು ಒಪ್ಪಲ್ಲ. ಬೆಂಕಿ ಬಿಸಿಯಾಗೋ ಮುಂಚೆ ಆ ನೈಟ್ರೋಜನ್ನನ್ನೂ ಕಾಯಿಸಬೇಕು. ಅದು ಶಾಖ ಕುಡಿಯುತ್ತದೆ. ಮನೆಯಲ್ಲಿ ಸುಮ್ಮನೆ ಕೂತ ಅಜ್ಜ ಜಗಳ ತಣ್ಣಗೆ ಮಾಡಿದ ಹಾಗೆ.

ಲೆಕ್ಕದ_ಮೇಷ್ಟ್ರು
ಲೇತ್ ಅವರೇ, ಸೋತೆ. ನೆಂಟ ಅಲ್ಲ, ಅಜ್ಜ.

ಏರ್‌ಮನ್_ನಿವೃತ್ತ
ಇದು ಅಮೆರಿಕದ ತಪ್ಪು ಅಂತ ಮಾತ್ರ ಅಂದುಕೊಳ್ಳಬೇಡಿ. 1961ರ ಮಾರ್ಚ್ 23ರಂದು, ಗಗಾರಿನ್ ಹಾರುವ ಮೂರು ವಾರ ಮುಂಚೆ, ಸೋವಿಯತ್ ತರಬೇತಿಯಲ್ಲಿದ್ದ ಬೊಂಡಾರೆಂಕೊ ಹೀಗೇ ಸತ್ತರು. ಆಕ್ಸಿಜನ್ ಜಾಸ್ತಿ ಇದ್ದ ಚೇಂಬರ್. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಮೈ ಒರೆಸಿಕೊಂಡು ಎಸೆದರು, ಅದು ಬಿಸಿ ಹಾಟ್‌ಪ್ಲೇಟ್ ಮೇಲೆ ಬಿತ್ತು. ಸೋವಿಯತ್ ಅದನ್ನು ಬಹಿರಂಗ ಮಾಡಿದ್ದು 1986ರಲ್ಲಿ.

ಅವರ ನೌಕೆಗಳಲ್ಲಿ ಮಾತ್ರ ಮೊದಲಿಂದಲೂ ಮಾಮೂಲಿ ಗಾಳಿಯೇ. ಉಪಕರಣಗಳೂ ಆ ಗಾಳಿಯಿಂದಲೇ ತಣ್ಣಗಾಗುತ್ತಿದ್ದವು. ಅದಕ್ಕೇ ಲಿಯೊನೊವ್‌ಗೆ ಬಟ್ಟೆಯಂಥ ಉಬ್ಬುವ ಏರ್‌ಲಾಕ್ ಕಟ್ಟಬೇಕಾಯಿತು. ಜೆಮಿನಿಯಲ್ಲಿ ಇಡೀ ಕ್ಯಾಬಿನ್ನಿನ ಗಾಳಿ ಬಿಟ್ಟು ಬಾಗಿಲು ತೆಗೆದರೆ ಆಯಿತು.

ನೇತ್ರಾಣಿ_ಮೀನು
1975ರಲ್ಲಿ ಈ ಎರಡು ಪದ್ಧತಿ ಎದುರಾಬದುರಾದಾಗ ಮಜಾ ಆಯಿತು. ಬಾಹ್ಯಾಕಾಶದಲ್ಲಿ ಎರಡು ನೌಕೆ ಜೋಡಿಸಬೇಕಿತ್ತು. ಅಮೆರಿಕದ ಅಪೋಲೋ 5 ಪಿಎಸ್‌ಐ ಆಕ್ಸಿಜನ್, ಸೋವಿಯತ್ತಿನ ಸೋಯೂಜ್ 14.7 ಗಾಳಿ. ಕೈ ಕುಲುಕೋಕೆ ನಡುವೆ ಒಂದು ಏರ್‌ಲಾಕ್ ಕೋಣೆ ಬೇಕಾಯಿತು. ಸೋಯೂಜ್ ತನ್ನ ಒತ್ತಡ 10ಕ್ಕೆ ಇಳಿಸಿಕೊಂಡಿತು. ಗಾಳಿಯೂ ರಾಜತಾಂತ್ರಿಕತೆ ಮಾಡಬೇಕು.

ಹಾಸನ_ಹೋಟ್ಲು
ನನ್ನ ಪ್ರಶ್ನೆ ಬೇರೆ. 5 ಪಿಎಸ್‌ಐಯಲ್ಲಿ ಕಾಫಿ ಆಗುತ್ತಾ?

ಅಡುಗೆಮನೆ_ಅನಸೂಯ
72 ಡಿಗ್ರಿಗೇ ನೀರು ಕುದಿಯುತ್ತದೆ. ಡಿಕಾಕ್ಷನ್ ಇಳಿದರೂ ಸಪ್ಪೆ. ಅನ್ನ ಮಾತ್ರ ಬೇಯಲ್ಲ, ಕುಕ್ಕರ್ ಬೇಕೇ ಬೇಕು.

ಸುಮ್ನೆ_ಓದೋಳು
ಕುಕ್ಕರ್ ಸಿಳ್ಳೆ ಹೊಡೆಯುತ್ತಾ? ಸೂಟ್ ಒಳಗೆ ಮನುಷ್ಯರಿಗೇ ಸಿಳ್ಳೆ ಹೊಡೆಯೋಕೆ ಆಗಲ್ಲ ಅಂತ ಓದಿದ್ದೆ.

ಪಂಕ್ಚರ್_ಪಾಪಣ್ಣ
ಎಲ್ಲಿಂದ ಎಲ್ಲಿಗೆ ಬಂದ್ವಿ. ದಾರಿಗೆ ಬನ್ನಿ. ಮುಂದೆ ಚಂದ್ರನ ಮೇಲೆ ಮನೆ ಕಟ್ಟಿದರೆ ಯಾವ ಗಾಳಿ ಇಡ್ತಾರೆ?

ಲೆಕ್ಕದ_ಮೇಷ್ಟ್ರು
ಅಲ್ಲಿ ದಿನ ಬಿಟ್ಟು ದಿನ ಹೊರಗೆ ಹೋಗಬೇಕು. ಪ್ರತಿ ಸಲ ನಾಲ್ಕು ಗಂಟೆ ಕಾದರೆ ಕೆಲಸ ಆಗಲ್ಲ. ಅದಕ್ಕೆ ನಾಸಾದವರು ಇಟ್ಟುಕೊಂಡ ಲೆಕ್ಕ 8.2 ಪಿಎಸ್‌ಐ, 34 ಶೇಕಡಾ ಆಕ್ಸಿಜನ್. ನೈಟ್ರೋಜನ್ 5.4 ಅಷ್ಟೇ. 4.3ರಿಂದ ಭಾಗಿಸಿದರೆ 1.26. ಬೇಗ ಬೇಗ ಹೊರಗೆ ಹೋಗಬಹುದು.

ತಮಾಷೆ ನೋಡಿ. ಆಕ್ಸಿಜನ್ ಪಾಲು 8.2ರಲ್ಲಿ 34 ಶೇಕಡಾ ಅಂದರೆ 2.79. ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಒಟ್ಟು ಒತ್ತಡ ಸುಮಾರು 13.2, ಆಕ್ಸಿಜನ್ 2.77. ಚಂದ್ರನ ಮನೆಯ ಗಾಳಿ ನಮ್ಮ ಬೆಂಗಳೂರಿನ ಗಾಳಿ!

ಏರ್‌ಮನ್_ನಿವೃತ್ತ
ಮೇಷ್ಟ್ರೇ, ನೀವೇ ಹೇಳಿದ ನೀರಿನ ಆವಿ ಮರೆತಿರಿ. 8.2 ಅಂದರೆ 424 ಮಿ.ಮೀ. 47 ಕಳೆದು 34 ಶೇಕಡಾ ತೆಗೆದರೆ 128. ಬೆಂಗಳೂರಿಗೆ 133 ಬರುತ್ತದೆ. 128 ಬೇಕಾದರೆ 1,150 ಮೀಟರ್‌ ಆಸುಪಾಸಿಗೆ ಹತ್ತಬೇಕು. ಬೆಂಗಳೂರಲ್ಲ, ಮಡಿಕೇರಿ.

ಕೊಡಗಿನ_ಕಿತ್ತಳೆ
ಗೆದ್ವಿ.

ಲೆಕ್ಕದ_ಮೇಷ್ಟ್ರು
ಇವತ್ತು ನನ್ನ ದಿನ ಅಲ್ಲ.

ಪೀಣ್ಯ_ಲೇತ್
ಆದರೆ 34 ಶೇಕಡಾ ಆಕ್ಸಿಜನ್‌ನಲ್ಲಿ ಯಾವ ಬಟ್ಟೆ, ಯಾವ ವೈರು ಉರಿಯಲ್ಲ? ಷಟಲ್‌ನಲ್ಲಿ 30ಕ್ಕಿಂತ ಮೇಲೆ ಬಿಡುತ್ತಿರಲಿಲ್ಲ, ಸಾಮಾನುಗಳ ಪರೀಕ್ಷೆಯೂ ಅಷ್ಟಕ್ಕೇ. ಆ ನಾಲ್ಕು ಶೇಕಡಾಕ್ಕೆ ಎಲ್ಲ ಸಾಮಾನನ್ನೂ ಮತ್ತೆ ಸುಟ್ಟು ನೋಡಬೇಕು. ನನ್ನ ಕೇಳಿದರೆ ಒಂದು ಗಂಟೆ ಜಾಸ್ತಿ ಕಾಯಲಿ, 30ರಲ್ಲೇ ಇರಲಿ.

ಕಲ್ಲೇಶಿ_ಕ್ಯಾಲಿಫೋರ್ನಿಯಾ
ಅಥವಾ ಸೂಟನ್ನೇ ಬದಲಿಸಿ. 80ರ ದಶಕದಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದವರು ಎಎಕ್ಸ್-5 ಅಂತ ಗಟ್ಟಿ ಲೋಹದ ಸೂಟ್ ಮಾಡಿದ್ದರು, 8.3 ಪಿಎಸ್‌ಐಗೆ. ಮಡಿಸಿದರೂ ಒಳಗಿನ ಜಾಗ ಬದಲಾಗದ ಹಾಗೆ ಕೀಲುಗಳು. ಕಾಯುವ ಕೆಲಸವೇ ಇಲ್ಲ.

ಪಂಕ್ಚರ್_ಪಾಪಣ್ಣ
ಮೊಣಕೈಗೆ ಲೋಹದ ಕೀಲು ಹಾಕಬಹುದು. ಬೆರಳಿಗೆ? ಹತ್ತು ಬೆರಳು, ಪ್ರತಿಯೊಂದಕ್ಕೂ ಎರಡು ಮೂರು ಗೆಣ್ಣು. ಕೊನೆಗೆ ಎಲ್ಲ ಬಂದು ನಿಲ್ಲೋದು ಗ್ಲೌಸಿನ ಹತ್ತಿರವೇ.

ಅಪ್ಪಾಜಿ, ಮಗಳಿಗೆ ತೋರಿಸೋಕೆ ಒಂದು ಉಪಾಯ. ಹಳೇ ಸ್ಟೀಲ್ ಡಬ್ಬ ತಗೊಳ್ಳಿ, ಪ್ಲಾಸ್ಟಿಕ್ ಬೇಡ, ಕುಸಿಯುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸನ್ನು ಬೆರಳು ಒಳಗೆ ಇಳಿಬಿಟ್ಟು ಬಾಯಿಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ಪಕ್ಕದಲ್ಲಿ ತೂತು ಮಾಡಿ ವ್ಯಾಕ್ಯೂಮ್ ಕ್ಲೀನರ್ ಪೈಪ್ ಸೇರಿಸಿ. ಒಳಗೆ ಒಂದು ರೂಪಾಯಿ ನಾಣ್ಯ ಹಾಕಿ. ಗ್ಲೌಸಿಗೆ ಕೈ ಹಾಕಿ, ಮೆಷಿನ್ ಆನ್ ಮಾಡಿ ನಾಣ್ಯ ಎತ್ತಲಿ. ಬರುವುದು ಎರಡು ಮೂರು ಪಿಎಸ್‌ಐ ಅಷ್ಟೇ, ಸೂಟಿಗಿಂತ ಕಡಿಮೆ. ಜಾಸ್ತಿ ಹೊತ್ತು ಓಡಿಸಬೇಡಿ, ಮೋಟಾರ್ ಸುಡುತ್ತದೆ.

ಅರಸೀಕೆರೆ_ಅಪ್ಪ
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಮಾಡಿದೆವು.

ಮೆಷಿನ್ ಹಾಕಿದ ಕೂಡಲೇ ಗ್ಲೌಸು ಕುಂಬಳಕಾಯಿ ಥರ ಒಳಗೆ ಉಬ್ಬಿ, ಕೈಯನ್ನೂ ಒಳಕ್ಕೆ ಎಳೆದುಕೊಂಡಿತು. ಬೆರಳು ಐದೂ ಅಗಲಕ್ಕೆ ನಿಂತವು. ಮಡಿಸಬಹುದು, ಆದರೆ ಬಿಟ್ಟ ಕೂಡಲೇ ಮತ್ತೆ ನೆಟ್ಟಗೆ. ನಾಣ್ಯ ಬೆರಳಿಗೆ ಸಿಕ್ಕುತ್ತದೆ, ಹಿಡಿತಕ್ಕೆ ಸಿಗಲ್ಲ. ಮಗಳು ನಾಲ್ಕು ಸಲ ಬೀಳಿಸಿ ಐದನೇ ಸಲ ಎತ್ತಿದಳು. ನನ್ನ ಕೈಲಿ ಆಗಲೇ ಇಲ್ಲ. ಅರ್ಧ ನಿಮಿಷಕ್ಕೇ ಮುಂಗೈ ನೋವು ಬಂತು. 14.7 ತುಂಬಿಸಿ ಅನ್ನೋ ಮಾತು ಇಬ್ಬರೂ ಎತ್ತಿಲ್ಲ.

ಒಂದೇ ಸಮಸ್ಯೆ. ಹಳೇ ಡಬ್ಬ ಅಂದುಕೊಂಡು ತೂತು ಮಾಡಿದ್ದು ನಮ್ಮತ್ತೆ ಕೊಟ್ಟ ಅಕ್ಕಿ ಡಬ್ಬ ಅಂತೆ. ಪಾಪಣ್ಣ, ಸ್ಟೀಲಿಗೆ ಪಂಕ್ಚರ್ ಹಾಕ್ತೀರಾ?

ಪಂಕ್ಚರ್_ಪಾಪಣ್ಣ
ಅದು ಪೀಣ್ಯದವರ ಇಲಾಖೆ.

ಪೀಣ್ಯ_ಲೇತ್
ಕಳಿಸಿ. ಎಣ್ಣೆ ಮೆತ್ತಿರಬಾರದು ಅಷ್ಟೇ.